ಎರಡು ಮಾರ್ಕಿನ ರಾತ್ರಿ

ಒಂದು ಬಕೀಟು ನೀರು ಸುರದ್ವಿ ನೆಲಕ್ಕ.
ಶಹಾಬಾದ್ ಕಲ್ಲು ಉಸ್ಸ್ ಅಂತು,
ಇಡೀ ದಿನ ಬಿಸಲಾಗ ನಿಂತು ಬಂದ ಮನಷಾನಂಗ.
ಆಮ್ಯಾಲ ಕಪ್ಪಗಾತು, ತಣ್ಣಗಾತು.
ಪಲಂಗ ಗ್ವಾಡಿಗೆ ಸರಿಸಿ
ಮೂರೂ ಮಂದಿ ಬೆನ್ನು ಹಚ್ಚಿ ಮಲಗಿದ್ವಿ:
ಚಂದ್ರಭಾಗಾ, ತಸ್ಲೀಮ್, ನಡಬರಕ ನಾ.

ರಾತ್ರಿ ಹತ್ತಾದ್ರೂ ಕಲಬುರಗಿಯೊಳಗ
ಬಿಸಿಲು ಇನ್ನಾ ಮನಿಗೆ ಹೋಗಿರಲಿಲ್ಲ,
ಹಾಸ್ಟೆಲ್ ಗ್ವಾಡಿಯಾಗ ಅಡಗಿ ಕೂತಿತ್ತು.
ಫ್ಯಾನು ತಿರಗ್ತದ, ಗಾಳಿ ಬರಂಗಿಲ್ಲ;
ವಾರ್ಡನ್ ಮೇಡಮ್ ಮಾತಿನಂಗ ಬರೇ ಸಪ್ಪಳ.

ಮಧ್ಯಾಹ್ನ ಬಂದಿತ್ತು ರಿಜಲ್ಟು.
ಲೈಬ್ರರಿ ಹಿಂದಿನ ಬೇವಿನ ಬುಡಕ
ನೆಟ್‌ವರ್ಕ್ ಹುಡುಕಿ ಕೈ ಎತ್ತಿ ನಿಂತಿದ್ವಿ.
ದೂರಿಂದ ನೋಡಿದವರಿಗೆ
ಮಳಿ ಬೇಡಲಕತ್ತಾರ ಅನಿಸಿರಬೇಕು.
ಚಂದ್ರಭಾಗಾಗ ಐವತ್ತೊಂದು.
ತಸ್ಲೀಮ್‌ಗ ನಲವತ್ತಾರು.
ನನಗ ಮೂವತ್ತು.
ಪಾಸಾಗಲಕ ಬೇಕಾಗಿದ್ದು ಮೂವತ್ತೆರಡು.

ಪೇಪರಿನ ಹೆಸರು ಸಂಭವನೀಯತೆ.
ಏನು ಆಗಬಹುದು, ಏನು ಆಗಲಾರದು
ಅಂತ ಮುಂಚೇನೇ ಲೆಕ್ಕ ಹಾಕೋ ವಿದ್ಯಾ.
ನಾ ಫೇಲಾಗೋದೊಂದು
ಆ ಲೆಕ್ಕದಾಗ ಹಿಡಿದೇ ಇರಲಿಲ್ಲ.

ಸೇಡಂಗೆ ಫೋನ್ ಮಾಡಿದೆ.
ಅಪ್ಪ ಸಿಮೆಂಟ್ ಫ್ಯಾಕ್ಟರಿ ಕ್ಯಾಂಟೀನಿನಾಗ,
ಹಿಂದ ತಾಟು ತೊಳೆಯೋ ಗದ್ದಲ.
"ರಿಜಲ್ಟ್ ಬಂತೇನವಾ?"
"ಇನ್ನಾ ಇಲ್ಲಪ್ಪ, ಸರ್ವರ್ ಡೌನ್ ಅದ."
"ಇಲ್ಲೂ ಹಂಗೇ ನೋಡು, ಸರ್ವರ್ ಇಬ್ಬರು ಬಂದೇ ಇಲ್ಲ."
ನಗಬೇಕೋ ಅಳಬೇಕೋ ತಿಳೀದೆ
ಕಟ್ ಮಾಡಿದೆ.

ಯಾರೂ ಸಮಾಧಾನ ಹೇಳಲಿಲ್ಲ, ಪುಣ್ಯ.
ತಸ್ಲೀಮ್ ಮೆಲ್ಲಗ ಎದ್ದು
ಹೊಲಸರಿವಿ ಬುಟ್ಟಿ ತಳದಾಗಿಂದ
ಕಳ್ಳ ಕೆಟಲ್ ತೆಗದ್ಳು.
ಹಾಲಿಲ್ಲ. ಕರೇ ಚಹಾ, ಮ್ಯಾಲ ಲಿಂಬಿಹುಳಿ.
ಒಂದು ಕಪ್ಪು, ಒಂದು ಲೋಟ,
ನನ್ನ ಪಾಲಿಗೆ ಬಾಟಲಿ ಮುಚ್ಚಳ.
ಚಂದ್ರಭಾಗಾ ಊರಿಂದ ತಂದ ಖಡಕ್ ರೊಟ್ಟಿ ಮುರದ್ಳು.
ಆ ಸಪ್ಪಳಕ್ಕ ಆಚೀ ರೂಮಿನ ದಾನಮ್ಮ
ಬಾಗಿಲು ಬಡದು ಕೇಳಿದ್ಳು:
"ಹಿಂಡಿ ಅದ ಏನು?"
ಹಿಂಡಿ ಇತ್ತು. ಎಣ್ಣಿ ಆಕಿನೇ ತಂದಿದ್ಳು.

ತಿಂದು ಕೈ ಒಣಗಿದ ಮ್ಯಾಲ, ಕತ್ತಲಾಗ,
ಚಂದ್ರಭಾಗಾ ಅಂದ್ಳು:
"ಐವತ್ತೊಂದು, ನಲವತ್ತಾರು, ಮೂವತ್ತು.
ಕೂಡಿಸು. ಮೂರರಿಂದ ಭಾಗಿಸು."
ನಲವತ್ತೆರಡು ಪಾಯಿಂಟ್ ಮೂರು ಮೂರು ಮೂರು...
"ನೋಡು, ಮೂರು ಮುಗಿಯಂಗೇ ಇಲ್ಲ.
ಸರಾಸರಿ ತೆಗದ್ರ ಈ ರೂಮು ಪಾಸು."
"ಸರಾಸರಿ ತೆಗದ್ರ
ಕಲಬುರಗಿನೂ ತಂಪೂರು," ಅಂದೆ.
ತಸ್ಲೀಮ್‌ಗ ಚಹಾ ಮೂಗಿಗೇರಿತು.
ಅಲ್ಲಿಂದ ನಮ್ಮನ್ನ ಹಿಡಿಯೋರಿಲ್ಲ,
ಗ್ವಾಡಿ ಆಕಡಿಂದ ದಾನಮ್ಮಾನೂ ನಕ್ಕಳು,
ಯಾಕ ನಗ್ತೀನಿ ಅಂತ ತಿಳೀದೆ.

ನಡುರಾತ್ರಿ ನಾ ಅತ್ತೆ.
ಮರುಮೌಲ್ಯಮಾಪನದ ರೊಕ್ಕ, ಇನ್ನಾ ಬಾರದ ಸ್ಕಾಲರ್‌ಶಿಪ್ಪು,
ಅಪ್ಪಗ ಹೇಳಿದ ಸುಳ್ಳು.
ಕಣ್ಣೀರು ಕಿವ್ಯಾಗ ಇಳದು ಕಲ್ಲಿಗೆ ಹತ್ತಿತು.
ಹ್ಯಾಂಗೂ ನೆಲ ಹಸಿ ಅದ,
ಯಾರಿಗೂ ಗೊತ್ತಾಗಂಗಿಲ್ಲ ಅಂದುಕೊಂಡೆ.
ಆಗ ತಸ್ಲೀಮ್ ಕೈ ಬಂದು
ನನ್ನ ಮಣಿಕಟ್ಟಿನ ಮ್ಯಾಲ ಬಿತ್ತು.
ನಿದ್ದಿಗಣ್ಣಾಗೋ, ಎಚ್ಚರಿದ್ದೋ.
ಸಂಭವನೀಯತೆ: ಅರ್ಧ.

ನಾಲ್ಕೂವರಿಗೆ ನಳಕ್ಕ ನೀರು ಬರ್ತಾವ.
ಎದ್ದು ಲೈಟ್ ಹಾಕಿದೆ.
ನೆಲ ಎಲ್ಲಾ ಒಣಗಿ ಬೆಳ್ಳಗಾಗಿತ್ತು,
ನಾ ಮಲಗಿದಷ್ಟು ಜಾಗ ಮಾತ್ರ ಕಪ್ಪು.
ತಲಿ, ಭುಜ, ಮಡಚಿದ ಮೊಳಕಾಲು;
ಕಲ್ಲು ನನ್ನ ಅಳತಿ ತಗೊಂಡಂಗ.

ಬಾಗಿಲಿಗೆ ಅಂಟಿಸಿದ ನೀರಿನ ಪಾಳಿ ಚೀಟಿ.
ಬುಧವಾರ: ಭೌರಮ್ಮ.
ನಮ್ಮಜ್ಜಿ ಹೆಸರು, ನಂದೂ.
ಅದರ ಮ್ಯಾಲ ಪೆನ್ಸಿಲಿಂದ ಗೀಟು ಎಳದು
ಯಾವಾಗೋ ತನ್ನ ಹೆಸರು ಬರದಿದ್ಳು ಚಂದ್ರಭಾಗಾ.
ಉಗುರಿಂದ ಕೆರದು ಅಳಿಸಿದೆ.
ಎರಡು ಬಕೀಟು ಎತ್ತಿಕೊಂಡು ಹೊಂಟೆ.
ವರಾಂಡದಾಗ ಜರಾ ಗಾಳಿ ಇತ್ತು,
ಖರೇ ಗಾಳಿ.