ಚಪ್ಪಲಿ ಕಾದವಳು

ತೂಕ ನೋಡುವುದು ನನ್ನ ಕೆಲಸ.
ವಿರಾಜಪೇಟೆ ಅಂಚೆ ಕಚೇರಿ, ಮೂರನೇ ಕಿಟಕಿ.
ದುಬೈಗೆ ಹೊರಟ ಹಲಸಿನ ಚಿಪ್ಸು,
ಜಮ್ಮುವಿನಲ್ಲಿರುವ ಮಗನಿಗೆ ಕಾಚಂಪುಳಿ ಬಾಟಲಿ
(ಸೋರುತ್ತದಮ್ಮಾ, ಇನ್ನೊಂದು ಸುತ್ತು ಸುತ್ತಿ ತನ್ನಿ),
ಇಪ್ಪತ್ತೆರಡು ವರ್ಷ ಊರವರ ಗಂಟುಗಳನ್ನೆಲ್ಲ ತೂಗಿದೆ.
ನನ್ನದನ್ನು ಮಾತ್ರ
ಕುರ್ಚಿಯೇ ಹೊತ್ತುಕೊಂಡಿತ್ತು, ಕಿರುಗುಟ್ಟುತ್ತ.

ಮೈಸೂರಿನಲ್ಲಿ ಹೊಟ್ಟೆ ಕೊಯ್ದು
ಬಾಳೆಕಾಯಿಯಷ್ಟು ಉಳಿಸಿ ಹೊಲಿದರು.
ಏಳು ತಿಂಗಳಿಗೆ ನಲವತ್ತೊಂದು ಕಿಲೋ ಹೋಯಿತು.
ಎಲ್ಲಿಗೆ ಹೋಯಿತು, ಯಾವ ವಿಳಾಸಕ್ಕೆ?
ರಸೀದಿ ಇಲ್ಲ.

ಈಗ ಅರ್ಧ ಕಡಂಬುಟ್ಟಿಗೇ ಎದೆ ಬಿಗಿಯುತ್ತದೆ.
ಸೀರೆಯುಟ್ಟರೆ ಬೆನ್ನ ಹಿಂದೆ
ಮೂರಿದ್ದ ನೆರಿಗೆ ಏಳಾಗಿದೆ.
ತೋಳಿನ ಚರ್ಮ ಮಾತ್ರ ಇನ್ನೂ
ಹೋದವಳನ್ನು ಕಾಯುತ್ತ ಜೋತುಬಿದ್ದಿದೆ.
ಮದುವೆ ಮನೆಯಲ್ಲಿ, ಕೈತೊಳೆಯುವ ಸಾಲಿನಲ್ಲಿ, ಯಾರೋ:
"ಕೊಯ್ಸಿಕೊಂಡು ಇಳಿದವಳಿಗೆ ಏನು ಕಷ್ಟ?"
ನಲ್ಲಿ ತಿರುಗಿಸಿದೆ. ನೀರು ಜೋರಾಗಿ ಬಂತು. ಸದ್ಯ.

"ನಡೀರಿ" ಎಂದರು ಡಾಕ್ಟರು.
"ನಡೆಯದಿದ್ದರೆ ಕೊಬ್ಬಿನ ಜೊತೆ ಕಸುವೂ ಹೋಗುತ್ತದೆ."
ಅಣ್ಣನ ಮಗಳು ಬೂಟು ತಂದುಕೊಟ್ಟಳು, ಗುಲಾಬಿ ಲಾಡಿಯದ್ದು.
ಅದು ಪೆಟ್ಟಿಗೆಯಲ್ಲೇ ಮಲಗಿತು, ನಾನು ಮಂಚದಲ್ಲಿ.
ಐದೂವರೆಗೆ ಅಲಾರಂ.
ಅದರ ಬಾಯಿ ಮುಚ್ಚಿಸಲು ಚಾಚಿದ ಕೈಯೇ
ಆವತ್ತಿನ ವ್ಯಾಯಾಮ.
ಎಷ್ಟು ಬೈದುಕೊಂಡರೂ ಕಾಲು ಏಳಲಿಲ್ಲ.
ಬೈಗುಳ ತಿಂದೇ ಬೆಳೆದ ಕಾಲು,
ಅದಕ್ಕೆ ಅದು ನಾಟುವುದಿಲ್ಲ.

ಏಳನೇ ಕ್ಲಾಸಿನಲ್ಲಿ
ಮಲೆತಿರಿಕೆ ಬೆಟ್ಟಕ್ಕೆ ಕರೆದೊಯ್ದಿದ್ದರು.
ಬುಡದಲ್ಲೇ ಟೀಚರ್ ಭುಜ ತಟ್ಟಿ,
"ದೇಚು, ನೀನು ಇಲ್ಲೇ ಇದ್ದು ಚಪ್ಪಲಿ ನೋಡ್ಕೋ."
ದಯೆಯಿಂದಲೇ ಹೇಳಿದ್ದು. ಅದೇ ಈಗಲೂ ಚುಚ್ಚುವುದು.
ಐವತ್ತಮೂರು ಜೋಡಿ.
ಎಣಿಸಿದೆ. ಸಾಲಾಗಿ ಜೋಡಿಸಿದೆ.
ನಫೀಸಾಳ ಕೆಂಪು ಚಪ್ಪಲಿಗೆ ಕಾಲು ತೂರಿಸಿ ನೋಡಿದೆ,
ಹೆಬ್ಬೆರಳಷ್ಟೇ ಹೋಯಿತು.
ಅವರೆಲ್ಲ ಇಳಿದು ಬಂದರು,
ಒಬ್ಬರ ಮೇಲೊಬ್ಬರು ಬಿದ್ದು ನಗುತ್ತ.
"ಏನಿತ್ತೇ ಮೇಲೆ?"
"ಹೇಳಿದ್ರೆ ಗೊತ್ತಾಗಲ್ಲ ಕಣೇ. ನೋಡ್ಬೇಕಿತ್ತು."

ಮೂವತ್ತಮೂರು ವರ್ಷ ಆಯಿತು.

ಒಂದು ಭಾನುವಾರ ಹಾಲಿಗೆಂದು ಹೊರಟವಳು
ಎಡಕ್ಕೆ ತಿರುಗುವಲ್ಲಿ ಬಲಕ್ಕೆ ತಿರುಗಿದೆ.
ಕಾರಣ ಕೇಳಬೇಡಿ.
ಬೂಟು ಪೆಟ್ಟಿಗೆಯಲ್ಲೇ ಇತ್ತು,
ಕಾಲಲ್ಲಿ ಹಳೇ ಬಾಟಾ ಚಪ್ಪಲಿ.
ಮೊದಲ ತಿರುವಿಗೇ ಉಸಿರು ಕಿತ್ತುಬಂತು,
ಹಾಲಿನ ಪ್ಯಾಕೆಟ್ಟು ಮಡಿಲಲ್ಲಿಟ್ಟು ಕಲ್ಲಿನ ಮೇಲೆ ಕೂತೆ.
ಕೆಳಗೆ ಊರು ಒಂದೊಂದೇ ಬಾಗಿಲು ತೆಗೆಯುತ್ತಿತ್ತು.
ನಮ್ಮ ಕಚೇರಿಯ ಹೆಂಚು ಕಂಡಿತೋ, ಬೇರೆಯದೋ.
ಮನೆಗೆ ಬಂದು ಕಾಯಿಸಿದರೆ ಹಾಲು ಒಡೆಯಿತು.

ಆಮೇಲೆ ಹೋದೆ, ಬಿಟ್ಟೆ, ಹೋದೆ.
ಕಕ್ಕಡದ ಮಳೆಯಲ್ಲಿ ಪೂರಾ ಮೂರು ವಾರ ಮಲಗಿದೆ,
ಸುಳ್ಳು ಹೇಳುವುದಿಲ್ಲ.
ನಾಲ್ಕನೇ ತಿರುವಿನ ನಾಯಿಯೊಂದು
ಮೊದಮೊದಲು ಬೊಗಳುತ್ತಿತ್ತು, ಈಗ
ಒಂದು ಕಣ್ಣು ತೆರೆದು, ಓ ಇವಳಾ, ಎಂದು ಮುಚ್ಚುತ್ತದೆ.

ಮೊನ್ನೆ ಬಸ್‌ಸ್ಟ್ಯಾಂಡಿನ ಮೂಲೆಯ ತಂಗವೇಲುವಿಗೆ
ಚಪ್ಪಲಿ ಕೊಟ್ಟೆ, ಉಂಗುಷ್ಠ ಕಿತ್ತಿತ್ತು.
ತಿರುಗಿಸಿ ನೋಡಿದ, ಅಟ್ಟೆಯ ಮೇಲೆ ಬೆರಳಾಡಿಸಿದ.
ನನ್ನ ಮುಖ ನೋಡಲೇ ಇಲ್ಲ.
"ಅಕ್ಕಾ, ಮುಂಚೆ ನಿಮ್ ಚಪ್ಪಲಿ ಕೂತು ಸಾಯ್ತಿತ್ತು.
ಈಗ ನಡೆದು ಸಾಯ್ತಾ ಇದೆ."
ಹೊಲಿದು ಕೊಟ್ಟ. ಮೂವತ್ತು ರೂಪಾಯಿ.
ನನ್ನನ್ನು ಇಷ್ಟು ಸರಿಯಾಗಿ
ಯಾವ ತಕ್ಕಡಿಯೂ ತೂಗಿರಲಿಲ್ಲ.

ಐದನೇ ತಿರುವಿನಾಚೆ ಇನ್ನೂ ಹೋಗಿಲ್ಲ.
ಮೇಲೆ ಏನಿದೆಯೋ ಗೊತ್ತಿಲ್ಲ.
ನೋಡಿ ಬಂದವರು ಊರ ತುಂಬ ಇದ್ದೀರಿ,
ದಯವಿಟ್ಟು
ಯಾರೂ ಹೇಳಬೇಡಿ.