ಮೆಟ್ಟಿಲ ಕೆಳಗಿನ ಕೋಣಿ

ಮೆಟ್ಟಿಲ ಕೆಳಗ ಒಂದಿಷ್ಟು ಕತ್ತಲಿತ್ತು.
ಮಾಲಕರು ಅದನ್ನ ಬಾಡಿಗಿಯೊಳಗ ಹಿಡಿದಿರಲಿಲ್ಲ.
ಇದ್ದಿಲ ಚೀಲ, ಹೊಲಿಗಿ ಬಿಟ್ಟ ಜಮಖಾನ,
ಯಾರವೋ ಕ್ರಿಕೆಟ್ ಸ್ಟಂಪು ಎರಡು.
ಮೂರನೇದು ಇವತ್ತಿಗೂ ಸಿಕ್ಕಿಲ್ಲ.

"ಇಲ್ಲಿ ಬಟ್ಟಿ ಒಗೀತೀನಿ" ಅಂದೆ.
"ಮಷಿನ್ ತಗೋ" ಅಂದ ತಮ್ಮ, ಫೋನಿನಿಂದ ತಲಿ ಎತ್ತದೆ.
ಭಿಶಿ ಎತ್ತಿದ ರೊಕ್ಕ ಎರಡೂವರಿ ಸಾವಿರ.
ಮಷಿನ್ನಿನ ಮುಚ್ಚಳ ಬಂದೀತು ಅಷ್ಟರಾಗ.

ಮೊದಲು ಬಂದದ್ದು ಶಹಾಬಾದ ಫರ್ಸಿ.
ಬ್ರಹ್ಮಪುರದಾಗ ಯಾರದೋ ವಾಡೆ ಕೆಡವುತ್ತಿದ್ದರು.
ಮುಕಾದಮ ನಕ್ಕ:
"ಬಾಯಾರ, ಹೊಸಾದು ಇದಕ್ಕಿಂತ ಸೋವಿ ಸಿಗತದ."
ಸಿಗತದ, ಖರೆ.
ಆದರ ನಡುವಿನ ಈ ಸಣ್ಣ ತಗ್ಗು ಸಿಗೂದಿಲ್ಲ,
ಅರವತ್ತು ವರ್ಷ ಯಾರೋ ಒಂದೇ ಜಾಗದಾಗ ನಿಂತು
ಹಿಮ್ಮಡ ಉಜ್ಜಿದ್ದು.
ಆಟೋದವ ಕಲ್ಲಿಗೂ ಒಂದು ಸೀಟಿನ ರೊಕ್ಕ ಹಿಡಿದ.

ಆಮ್ಯಾಲ ಪ್ರತಿ ರವಿವಾರ ಚಾಂದಪಾಷಾನ ಭಂಗಾರದ ಅಂಗಡಿ.
ಬಿಳೇ ಬೋಗುಣಿ, ಅಂಚಿಗೆ ನೀಲಿ ಗೆರಿ,
ಮೂರು ಕಡೆ ಬಣ್ಣ ಎದ್ದು ಕಪ್ಪು ಹಲ್ಲು ಕಾಣತಾವ;
ದವಾಖಾನಿದಂತ, ಏನು ತೊಳೆದಾರೋ, ಮೂರು ಸಲ ಕುದಿಸಿದೆ.
ಗೂಟಕ್ಕಂತ ಹಳಿಯ ಮೊಳಿ, ಮಾರುದ್ದದ್ದು.
"ಎಲ್ಲಿಂದ ಬಂತು ಕೇಳಬ್ಯಾಡ್ರಿ" ಅಂದ.
ಕೇಳಲಿಲ್ಲ. ಗೇಣುದ್ದ ಇತ್ತು,
ಮಾರುದ್ದ ಅವನ ಬಾಯಾಗ.

ಸೋಪಿನ ಪುಡಿಗೆ ಹಿತ್ತಾಳಿ ಡಬ್ಬಿ,
ಮೈಮ್ಯಾಲ ಚುಕ್ಕಿ ಚುಕ್ಕಿಯಾಗಿ ಬಡಿದ ಅಕ್ಷರ:
ಚಿ. ಸೌ. ಕಸ್ತೂರಬಾಯಿಗೆ, ಅಣ್ಣನಿಂದ, ೧೯೬೮.
"ಹೆಸರು ತಿಕ್ಕಿಸಿ ಕೊಡ್ಲೇನ್ರಿ?"
ಬ್ಯಾಡ ಅಂದೆ.
ತಕ್ಕಡಿಗೆ ಹಾಕಿ ತೂಗಿದ. ಹೆಸರಿಂದು ಬ್ಯಾರೆ ಹಿಡಿಯಲಿಲ್ಲ.

ಕಡೀಕ ಇದ್ದಿಲ ಇಸ್ತ್ರಿ ಪೆಟ್ಟಿಗಿ.
ಚಿಲಕದ ಮ್ಯಾಲ ಹುಂಜ, ಕೊಕ್ಕು ಮುರಿದದ.
ಸುಣ್ಣಕ್ಕ ಬಟ್ಟಿಗೆ ಹಾಕೋ ನೀಲಿ ಬೆರೆಸಿ
ಗ್ವಾಡಿಗೆ ಎರಡು ಕೈ ಬಳದೆ. ಮೂರನೇ ಕೈಗೆ ಬಾಟಲಿ ಜಾರಿತು.
ಒಂದು ಗ್ವಾಡಿ ಈಗ ಮುಂಜಾನಿ, ಒಂದು ಸಂಜಿ.
ಸಂಜಿಯ ಗ್ವಾಡಿಗೆ ಮೊಳಿ ಬಡಿದು ಇಸ್ತ್ರಿ ತೂಗುಹಾಕಿ
ಹಿಂದಕ್ಕ ಸರಿದು ನೋಡಿದೆ.
ಇನ್ನೂ ಹಿಂದಕ್ಕ ಸರಿಯಾಕ ಜಾಗ ಇರಲಿಲ್ಲ.

ಮಡಿವಾಳರ ಪುತಳಾಬಾಯಿ
ಇಸ್ತ್ರಿ ಮಾಡಿದ ಸೀರಿ ಕೊಡಾಕ ಬಂದಾಕಿ
ಒಳಗ ಇಣುಕಿದಳು. "ಎಷ್ಟಾತು?"
"ಎರಡು ಸಾವಿರದ ಮುನ್ನೂರ ನಲವತ್ತು."
ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.
ಗ್ವಾಡಿಯಿಂದ ಇಸ್ತ್ರಿ ಇಳಿಸಿ
ಮಣಿಕಟ್ಟು ಒಂದು ಸಲ ಆಡಿಸಿ
"ಐದೂವರಿ ಕೇಜಿ" ಅಂದಳು.
"ಇದನ್ನ ಯಾವಾಗ ಕೆಳಗಿಡೇನು ಅಂತ
ಮೂವತ್ತು ವರ್ಷ ಕಾದೆ, ಅಕ್ಕಾ.
ನೀ ನೋಡಿದರ ಮ್ಯಾಲ ಏರಿಸೀದಿ."
ಇಬ್ಬರೂ ನಕ್ಕಿವಿ. ನಾನು ತುಸು ತಡ ಮಾಡಿ.

ಆಮ್ಯಾಲ ಫರ್ಸಿಯ ಒಂದು ಮೂಲಿಗೆ ಹಂಚಿನ ತುಂಡು ತುರುಕಿದಳು:
"ನೀರು ಗ್ವಾಡಿಗೆ ಹೊಂಟದ, ನೋಡೀಯೇನು?"
ಹಗ್ಗ ಬಿಚ್ಚಿ ಕೆಳಗ ಕಟ್ಟಿದಳು:
"ಚಂದಕ್ಕ ಕಟ್ಟಬಾರದು,
ಹಸಿ ಸೀರಿ ಎತ್ತೋ ತೋಳಿಗೆ ಕಟ್ಟಬೇಕು."

ಬೋಗುಣಿಯಾಗ ನೆನೆದ ಚಾದರದ ಚುಂಗು
ಆಕೀ ಕೈಗೆ ತಾನಾಗೇ ಬಂತು.
ಬೆಳಕಿಗೆ ಹಿಡಿದು ಸುಮ್ಮನಾದಳು.
ಎರಡು ಚುಕ್ಕಿ, ಒಂದು ಗೀಟು.
"ನಿಮ್ಮವ್ವನ ಮನಿ ಗುರುತು ಇದು.
ಕರಿಗೇರಿನ ಎಣ್ಣಿಲೆ ನಮ್ಮತ್ತಿ ಹಾಕಿದ್ದು.
ನೂರು ಮನಿ ಬಟ್ಟಿಯಾಗ ಕಲೆಸಿ ಹೋದರೂ
ನಿಮ್ಮದು ನಿಮ್ಮ ಮನಿಗೇ ಬರಬೇಕಲ್ಲ."

ಹನ್ನೊಂದು ವರ್ಷ,
ಸೋಡಾ ಹಾಕಿ, ನಿಂಬಿಹಣ್ಣು ಹಾಕಿ,
ಕಲಿ ಅಂತ ಉಜ್ಜಿದ್ದೆ ಅದನ್ನ.

ಇಸ್ತ್ರಿ ಈಗ ಬಾಗಿಲು ಬಡಿಯದಂಗ ಹಿಡಿದು ಕೂತದ,
ಕೊಕ್ಕಿಲ್ಲದ ಹುಂಜ ಓಣಿ ನೋಡಕೋತ.
ಗ್ವಾಡಿ ಮ್ಯಾಲ ಮೊಳಿ ಒಂದೇ ಉಳಿದದ.
ಸದ್ಯಕ್ಕ ಅದಕ್ಕ ಏನೂ ಹಾಕಿಲ್ಲ.
ಚಾದರ ಒಣಗಲಿ, ನೋಡೋಣ.