ಇತರ ಅಂಶಗಳು ಸ್ಥಿರವಾಗಿದ್ದಾಗ

ಧರ್ಮಪ್ಪ ಸರ್ ಬೋರ್ಡಿನ ಮೇಲೆ
ಎಡದಿಂದ ಬಲಕ್ಕೆ ಇಳಿಯುವ ಗೆರೆಯೆಳೆದು ಹೇಳಿದರು:
ಬೆಲೆ ಇಳಿದರೆ ಬೇಡಿಕೆ ಏರುತ್ತದೆ,
ಇತರ ಅಂಶಗಳು ಸ್ಥಿರವಾಗಿದ್ದಾಗ.
ಕೊನೆಯ ಸಾಲು ಬಿಟ್ಟಿರೋ, ಒಂದು ಅಂಕ ಹೋಯಿತು.
ಅಡಿಗೆರೆ ಹಾಕಿಕೊಳ್ಳಿ.

ಹಾಕಿಕೊಂಡೆ. ಆ ಗೆರೆ ನನಗೆ ಗೊತ್ತಿದ್ದದ್ದೇ.
ಮಲ್ಪೆಯ ಪಿಕಪ್ಪು ಆಗುಂಬೆ ಘಾಟಿ ಹತ್ತಿ
ತೀರ್ಥಹಳ್ಳಿ ಮುಟ್ಟುವುದು ಬೆಳಗಿನ ಐದೂವರೆಗೆ.
ಅಬ್ಬ ಎಂ-ಎಯ್ಟಿಗೆ ಎರಡು ಕ್ರೇಟು ಬಿಗಿದು
ಪೋಂ ಪೋಂ ಅಂತ ಹೊರಡುವಾಗ
ನೂರಕ್ಕೆ ಎಂಟು ಬಂಗುಡೆ.
ಮೇಗರವಳ್ಳಿಯಲ್ಲಿ ಹತ್ತು.
ಬಿಸಿಲೇರಿ, ಐಸು ಕರಗಿ
ಪ್ಯಾಂಟಿನ ಕಾಲಿಗೆ ಸುರಿಯುವ ಹೊತ್ತಿಗೆ
ತಗೊಳ್ಳಿ ಅಕ್ಕ, ಎಣಿಸೋದು ಬೇಡ.
ಗೆರೆಯ ತುದಿ ನೆಲ ಮುಟ್ಟುವುದು ನಮ್ಮ ಹಿತ್ತಲಲ್ಲಿ:
ಬೆಲೆ ಸೊನ್ನೆ, ಬೇಡಿಕೆ ನಾಲ್ಕು ಬೆಕ್ಕು.

ಇತರ ಅಂಶಗಳು ಯಾವುವು?
ಪುಸ್ತಕದಲ್ಲಿ: ಆದಾಯ, ಅಭಿರುಚಿ, ಬದಲಿ ಸರಕಿನ ಬೆಲೆ.
ನಮ್ಮಲ್ಲಿ: ಸೋಮವಾರ, ಶನಿವಾರ, ಸಂಕಷ್ಟಿ,
ಇಡೀ ಶ್ರಾವಣ;
ಗುಡ್ಡೇಕೇರಿ ತಿರುವಿನ ಮನೆಗೆ ಅಳಿಯ ಬಂದದ್ದು;
ಬೋಟು ಕಡಲಿಗಿಳಿಯದ ಜೂನು, ಜುಲೈ;
ಕೊಳ್ಳುವ ಮೊದಲು ಈಗೀಗ ಕೆಲವರು
ಅಬ್ಬನ ಹೆಸರು ಕೇಳುವುದು.
ಹದಿನೆಂಟು ವರ್ಷ ಬರೀ ಹಾರ್ನು ಸಾಕಾಗಿತ್ತು.

ರಾತ್ರಿ ಉದ್ರಿ ಪುಸ್ತಕ ಕೂಡುವವಳು ನಾನು.
ಅಬ್ಬನ ಗಿರಾಕಿಗಳಿಗೆ ಅಬ್ಬನೇ ಇಟ್ಟ ಹೆಸರು:
ನಾಯಿ ಬೊಗಳುವ ಮನೆ,
ನೀಲಿ ಗೇಟು,
ಚೌಕಾಸಿ ಅಜ್ಜಿ,
ಕನ್ನಡಕದ ಮೇಷ್ಟ್ರು: ಬೂತಾಯಿ, ಅರ್ಧ ಕೆಜಿ,
ಅರ್ಧ ಕೆಜಿ, ಅರ್ಧ ಕೆಜಿ, ಅರ್ಧ ಕೆಜಿ.

ಯಾರಿವರು?
ಕುರುವಳ್ಳಿ ಸೇತುವೆಯಾಚೆ ಬಾಡಿಗೆಗಿದ್ದಾರೆ.
ನಿನ್ನ ಕಾಲೇಜೇ ಅಂತೆ. ಅತಿಥಿಯಂತೆ.
ಐದು ತಿಂಗಳಿಂದ ಸಂಬಳ ಆಗಿಲ್ಲವಂತೆ.
ಕೊಡ್ತಾರೆ ಬಿಡು,
ಅತಿಥಿ ಅಂದ್ಮೇಲೆ ನಾವೂ ಹಾಗೆಲ್ಲ ಕೇಳಬಾರದು.

ಮರುದಿನದ ಪಾಠ ಉತ್ಪಾದನಾಂಗಗಳು.
ಭೂಮಿಗೆ ಗೇಣಿ, ಬಂಡವಾಳಕ್ಕೆ ಬಡ್ಡಿ,
ಶ್ರಮಕ್ಕೆ ಕೂಲಿ, ಅಂದರು ಸರ್,
ನೆನ್ನೆಯಷ್ಟೇ ಗಟ್ಟಿ ದನಿಯಲ್ಲಿ.
ಯಾರಾದರೂ ಉದಾಹರಣೆ ಕೊಡಿ.
ಹಿಂದಿನ ಬೆಂಚಿನಿಂದ ಪ್ರಜ್ವಲ ಅಂದ: ಸಕ್ಕರೆ ಕಾರ್ಖಾನೆ, ಸರ್.
ಎಲ್ಲ ಪ್ರಶ್ನೆಗೂ ಅವನದು ಸಕ್ಕರೆಯೇ.
ನಾನು ಪೆನ್ನಿನ ಮುಚ್ಚಳ ಕಚ್ಚುತ್ತ ಕೂತೆ.

ಆಮೇಲೆ ನೋಟ್ಸಿನ ಕೊನೇ ಹಾಳೆಯಲ್ಲಿ
ಒಂದು ಚಿತ್ರ ಬರೆದೆ.
ಬೆಲೆ ಏರಲಿ, ಇಳಿಯಲಿ,
ಬಾರದೇ ಇರಲಿ,
ಅರ್ಧ ಕೆಜಿ, ಮೇಲೆ ಕೊಸರು ಒಂದು.
ಪೂರೈಕೆಯ ಗೆರೆ ಓರೆಯಾಗಲೇ ಇಲ್ಲ,
ಕಂಬದ ಹಾಗೆ ನೆಟ್ಟಗೆ ನಿಂತಿತು.

ನೋಟ್ಸು ತಿದ್ದುವಾಗ ಸರ್ ಅಲ್ಲಿಗೇ ಬಂದು ನಿಂತರು.
ಗೆರೆ ಸರಿಯಿದೆ. ಯಾವ ಸರಕಮ್ಮಾ ಇದು,
ಹೆಸರೇ ಬರೆದಿಲ್ಲವಲ್ಲ?

ಮರೆತೆ, ಸರ್.
ಕೆಂಪು ಶಾಯಿಯಲ್ಲಿ ಅರ್ಧ ಅಂಕ ಕಳೆದರು.